ಎಷ್ಟು ದುಪ್ಪಟಿ ಆಳ

ಆಸ್ಪತ್ರೆಯ ನೆಲಮಾಳಿಗೆಯ ಒಗೆಮನೆ, ರಾತ್ರಿ ಪಾಳಿ.
ಮೂರನೇ ಯಂತ್ರ ನಡುಗುತ್ತ ನಡುಗುತ್ತ ಗೋಡೆಯತ್ತ ಸರಿಯುತ್ತದೆ.
ಗುಲ್ಬಹ್ರಾಮ್ ಅದನ್ನು ಸೊಂಟದಿಂದ ಒತ್ತಿ ಹಿಡಿದುಕೊಂಡೇ
ಭಾನುವಾರದ ಮಾತು ತೆಗೆದಳು.

ಹತ್ತೊಂಬತ್ತು ವರ್ಷವಾಯಿತು ನಾನು ಅಲ್ಮಾಟಿಗೆ ಬಂದು.
ಮೂರು ಗಂಟೆಯ ದಾರಿ, ಆದರೂ
ಚಾರಿನ್ ಕಮರಿಯನ್ನು ನಾನು ನೋಡಿದ್ದು
ಎಲುಬಿನ ವಾರ್ಡಿನ ಕ್ಯಾಲೆಂಡರಿನಲ್ಲಿ ಮಾತ್ರ.
ಅದೂ ಸೆಪ್ಟೆಂಬರಿನಲ್ಲಿ.

"ಬರೆದುಕೋ ಕುಲ್ಯಾಶ್" ಎಂದರು ಇಬ್ಬರೂ.
ಒಗೆತದ ಚೀಟಿಯ ಬೆನ್ನಿಗೆ ಬರೆದೆ:
ಕಾರು, ಗುಲ್ಬಹ್ರಾಮಳ ಅಳಿಯನದು,
ಎಡಬಾಗಿಲು ಒಳಗಿನಿಂದ ತೆಗೆಯುವುದಿಲ್ಲ.
ಪೆಟ್ರೋಲು, ಮೂರು ಪಾಲು.
ಬೌರ್ಸಾಕ್ ನಾನು ಕರಿದು ತರುವುದು,
ಖಾರ ಹಚ್ಚಿದ ಗಜ್ಜರಿ ಲ್ಯೂಬಾ ಖೆಗಾಯ್.
ಹೊರಡುವ ಹೊತ್ತು?
ಲ್ಯೂಬಾ ಐದು ಅಂದಳು. ಗುಲ್ಬಹ್ರಾಮ್ ಏಳು.
ಎತ್ತು ಏರಿಗೆ, ಕೋಣ ನೀರಿಗೆ.
ಆರು ಎಂದು ಬರೆದು, ಆರನ್ನು ಹೊಡೆದುಹಾಕಿ,
ಆ ಜಾಗ ಖಾಲಿ ಬಿಟ್ಟೆ.

ಗುಲ್ಬಹ್ರಾಮಳ ತವರು ಆ ಕಮರಿಯಿಂದಾಚೆ.
ಮದುವೆಯಾದ ಮೇಲೆ ಎಷ್ಟು ಸಲ ಅದೇ ರಸ್ತೆ,
ಮಡಿಲಲ್ಲಿ ಮಗು, ಕಾಲಬುಡದಲ್ಲಿ ಕಲ್ಲಂಗಡಿ.
"ಬಸ್ಸು ಯಾವತ್ತೂ ಅಲ್ಲಿ ನಿಲ್ಲಲಿಲ್ಲ ಕಣೇ.
ಬಯಲು, ಬಯಲು, ಆಮೇಲೆ ಮತ್ತೆ ಬಯಲು.
ಅದರ ಹೊಟ್ಟೆ ಸೀಳಿದೆ ಎಂದು
ನನಗೆ ಯಾರು ಹೇಳಬೇಕಿತ್ತು?"

ಬಂಡೆ ಎಂಥ ಕೆಂಪು, ಕೇಳಿದೆ.
ಅಳಿಯನ ಫೋನಿನಲ್ಲಿ ಕಂಡಿದ್ದಳಂತೆ:
"ರಕ್ತದ ಬಟ್ಟೆಯನ್ನು ತಣ್ಣೀರಲ್ಲಿ ನೆನೆಸದೆ
ನೇರ ಬಿಸಿನೀರಿಗೆ ಹಾಕಿದರೆ ಉಳಿಯುತ್ತಲ್ಲ, ಆ ಕೆಂಪು."
ನಮಗೆ ಕಣ್ಣೆದುರಿಗೇ ಬಂತು.

ಆಳ?
ನೂರೈವತ್ತು ಮೀಟರು, ಅಳಿಯ ಹೇಳಿದ್ದು.
ಮೀಟರು ಯಾರಿಗೆ ತಿಳಿಯುತ್ತದೆ.
ಲ್ಯೂಬಾ ಬುಟ್ಟಿಯಿಂದ ಒಂದು ದುಪ್ಪಟಿ ಎಳೆದು
ತುದಿಗೆ ತುದಿ ಗಂಟು ಹಾಕಿ ನೋಡಿದಳು.
ಎರಡು ಮೀಟರು ಹತ್ತರ ದುಪ್ಪಟಿಯಲ್ಲಿ
ಗಂಟು ಅರವತ್ತು ತಿನ್ನುತ್ತದೆ,
ಉಳಿಯುವುದು ಒಂದೂವರೆ.
ಹಾಗಾದರೆ ನೂರು.
ಒದ್ದೆಯಾದರೆ ಹಿಗ್ಗುತ್ತದೆ, ತೊಂಬತ್ತೆಂಟು ಸಾಕು.

ಈ ರಾತ್ರಿ ಒಗೆದದ್ದು ಇನ್ನೂರ ಹನ್ನೊಂದು.
ಇಳಿಯಲು ನೂರು, ಹತ್ತಲು ನೂರು, ಎಂದೆ.
"ಹತ್ತುವುದಕ್ಕೂ ಅದೇ ಹಗ್ಗ ಅಲ್ಲವೇನೇ ದಡ್ಡಿ!"
ನಕ್ಕು ನಕ್ಕು ಗುಲ್ಬಹ್ರಾಮ್ ಸೊಂಟ ಸಡಿಲಿಸಿದಳು,
ಯಂತ್ರ ಹೋಗಿ ಗೋಡೆಗೆ ಗುದ್ದಿತು.
ಮೇಲಿನಿಂದ ಯಾರೋ ಕೊಳವೆ ಬಡಿದರು.

ಗಂಟು ಬಿಚ್ಚುತ್ತ ಲ್ಯೂಬಾ ಮೆಲ್ಲಗೆ ಹೇಳಿದಳು:
"ಅಲ್ಲಿ ಮೆಟ್ಟಿಲಿವೆಯಲ್ಲ.
ನನ್ನ ಈ ಮಂಡಿಗೆ ಕಬ್ಬಿಣ ಹಾಕಿದ್ದಾರೆ.
ನಾನು ಅಂಚಿನ ಮೇಲೆ ಥರ್ಮಾಸು ಕಾಯುತ್ತೇನೆ.
ನನಗೆ ಕೆಳಗಿನಿಂದ ಏನು ತರುತ್ತೀರಿ?"

ಹೊಳೆಯ ನೀರು, ಗ್ಲೂಕೋಸಿನ ಬಾಟಲಿಯಲ್ಲಿ.
ಹಿಮಯುಗ ದಾಟಿ ಬಂದ ಆಷ್ ಮರಗಳಿವೆಯಂತೆ,
ಒಂದೆಲೆ.
ಕಿತ್ತರೆ ದಂಡ.
ಉದುರಿದ್ದಕ್ಕೆ?
ಉದುರಿದ್ದು ಯಾರದೂ ಅಲ್ಲ.
"ಹಾಗಾದರೆ ಉದುರಿದ್ದು, ಬರೆ."
ಬರೆದೆ.

ಚೀಟಿ ನನ್ನ ಮೇಲಂಗಿಯ ಜೇಬಿನಲ್ಲಿತ್ತು.
ಮೇಲಂಗಿ ಮಂಗಳವಾರ ನಾಲ್ಕನೇ ಯಂತ್ರಕ್ಕೆ ಹೋಯಿತು,
ತೊಂಬತ್ತು ಡಿಗ್ರಿ.
ಹಾಕಿದವಳು ನಾನೇ.
ಜೇಬು ನೋಡಿ ಹಾಕು ಎಂದು
ಹತ್ತೊಂಬತ್ತು ವರ್ಷದಿಂದ ಎಲ್ಲರಿಗೂ ಹೇಳುವವಳು.

ಬೆರಳಿಗೆ ಸಿಕ್ಕಿದ್ದು ಒಂದು ಬಿಳಿಯ ಉಂಡೆ, ಅಷ್ಟೇ.
ಈಗ ಲ್ಯೂಬಾ ಐದಕ್ಕೇ ಎಂದು ನಿಶ್ಚಯವಾಗಿತ್ತು ಅನ್ನುತ್ತಾಳೆ.
ಗುಲ್ಬಹ್ರಾಮ್ ಏಳಕ್ಕೆ ಆಣೆ ಇಡುತ್ತಾಳೆ.
ಬಟ್ಟೆ ಮಡಿಸುವಾಗ ಮಾತ್ರ,
ಎರಡೆರಡು ತುದಿ ಹಿಡಿದು ಎದುರೆದುರು ನಿಂತು
ನಾವು ಎಣಿಸುತ್ತೇವೆ, ಬಾಯಿ ಬಿಡದೆ:
ತೊಂಬತ್ತಾರು, ತೊಂಬತ್ತೇಳು,
ಇಷ್ಟು ಹೊತ್ತಿಗೆ ಹೊಳೆಯ ಸದ್ದು ಕೇಳಿಸಬೇಕು.