ಮೂರನೆಯವರು

ಗಾದಿಲಿಂಗ ಕಾಗದ ಹರಡಿದ್ದು ನಮ್ಮ ಕಟಿಂಗ್ ಟೇಬಲ್ಲಿನ ಮೇಲೆ,
ಮಂಡಿಯಲ್ಲಿ ಹರಿದಂತೆ ಕಾಣಬೇಕಾದ ಇನ್ನೂರು ಪ್ಯಾಂಟುಗಳನ್ನು
ಪಕ್ಕಕ್ಕೆ ಸರಿಸಿ.
ಕೌಲ್ ಬಜಾರಿನಲ್ಲಿ ಕರೆಂಟು ಹೋಗಿತ್ತು, ಮಷೀನು ಸುಮ್ಮನಿದ್ದವು,
ಹಾಗಾಗಿ ಅವನ ಮಾತು ಪೂರ್ತಿ ಕೇಳಿಸಿತು.

ಬಾಗಿಲ ಹೊರಗೆ ಕಾರು.
ನಾಲ್ಕು ವರ್ಷ ಯಾರದೋ ಆಗಿದ್ದು
ಹೋದ ವಾರ ನಮ್ಮದಾಯಿತು.
ಬಿಳಿ ಬಣ್ಣ ಅಂತ ಆರ್‌ಸಿ ಹೇಳುತ್ತದೆ.
ಸಂಡೂರಿನ ರಸ್ತೆ ಒಪ್ಪುವುದಿಲ್ಲ.

"ಇದು ಬರೇ ಥರ್ಡ್ ಪಾರ್ಟಿ, ವನ್ನೂರಕ್ಕ, ಪೊಲೀಸರಿಗೆ ತೋರ್ಸೋಕೆ ಸಾಕು.
ಇದು ಫುಲ್ಲು. ಇದಕ್ಕೆ ಜೀರೋ ಡೆಪ್ ಸೇರಿಸಿದ್ರೆ
ಬಂಪರಿಗೆ ಅರ್ಧ ದುಡ್ಡು ಕಡಿಯಂಗಿಲ್ಲ.
ಇಂಜಿನ್ನಿಗೆ ನೀರು ಹೊಕ್ರೆ ಅದು ಬೇರೆ. ಕೀ ಕಳೆದ್ರೆ ಬೇರೆ. ಟೈರು..."

ಪ್ಯಾಂಟಿನ ಬಲಗಡೆ ದೊಡ್ಡ ಜೇಬಿನೊಳಗೆ ಒಂದು ಪುಟ್ಟ ಜೇಬು ಇರುತ್ತದಲ್ಲ,
ಹದಿನೆಂಟು ವರ್ಷದಿಂದ ಹೊಲಿಯುತ್ತಿದ್ದೇನೆ,
ಅದರಲ್ಲಿ ಯಾರಾದರೂ ಏನಾದರೂ ಇಟ್ಟದ್ದನ್ನು ಕಂಡಿಲ್ಲ.
ಹೊಲಿಯದೆ ಕಳಿಸಿದರೆ ಮಾತ್ರ ಮಾಲು ವಾಪಸು.

ಕೀ ಬೇಡ ಅಂದೆ. ಟೈರು ಬೇಡ.
ಇಂಜಿನ್ನಿಗೆ ಇರಲಿ: ಒಂದು ತಾಸು ಮಳೆ ಬಂದರೆ
ಸತ್ಯನಾರಾಯಣ ಪೇಟೆಯ ಅಂಡರ್‌ಬ್ರಿಡ್ಜು ಬಾವಿಯಾಗುತ್ತದೆ,
ನಮ್ಮ ವಾಶಿಂಗ್ ಯೂನಿಟ್ಟು ಅದರಾಚೆ.

"ಕಾರಿನ ಬೆಲೆ ಒಂದು ಎಪ್ಪತ್ತು ಸಾವಿರ ಇಳಿಸಿ ಬರೀಲೇನು?
ಕಂತು ಹಗುರ ಆಗ್ತೈತೆ."
ಈ ಕೈಚಳಕ ನನಗೆ ಗೊತ್ತು.
ಸೊಂಟದಲ್ಲಿ ಅರ್ಧ ಇಂಚು ಕದ್ದರೆ ಬಟ್ಟೆ ಉಳಿಯುತ್ತದೆ,
ಉಂಡ ಮೇಲೆ ಗುಂಡಿ ಸೇರುವುದಿಲ್ಲ.
ಇದ್ದಷ್ಟೇ ಬರಿ, ತಮ್ಮಾ.

ಆಗ ಗುಂಡಿ ಹಚ್ಚುವ ಶಮಾ ತಲೆ ಎತ್ತಿ ಕೇಳಿದಳು:
"ಥರ್ಡ್ ಪಾರ್ಟಿ ಅಂದ್ರೆ ಯಾರು, ಅಣ್ಣಾ?"
"ಅಕ್ಕ ಒಂದನೆಯವರು. ಕಂಪನಿ ಎರಡನೆಯದು.
ರಸ್ತೆಯಲ್ಲಿ ಅಡ್ಡ ಸಿಕ್ಕೋರೆಲ್ಲ ಮೂರನೆಯವರು."

ನನ್ನ ಗಂಡ ಎರ್ರಿಸ್ವಾಮಿ ದಾರ ಕತ್ತರಿಸುತ್ತಿದ್ದ.
ಕತ್ತರಿ ನಿಲ್ಲಲಿಲ್ಲ.

ಕುಡಿತಿನಿಯ ತಿರುವು, ಅವನು ಸೈಕಲ್ಲಿನಲ್ಲಿ, ಹಿಂದೆ ಅದಿರಿನ ಲಾರಿ.
ಲಾರಿಗೆ ಎದುರುಗಾಜಿನ ಮೇಲೆ ದೇವರು ಇದ್ದ, ನಿಂಬೆಹಣ್ಣು ಇತ್ತು,
ವಿಮೆ ಹನ್ನೊಂದು ದಿನದ ಹಿಂದೆ ಮುಗಿದಿತ್ತು.
ಕಂಪನಿ ನಮ್ಮದಲ್ಲ ಅಂತು. ಮಾಲೀಕ
ಲಾರಿ ಮಾರಿದೆ ಅಂದ, ಮೈನಿಂಗೇ ನಿಂತಿತು ಅಂದ,
ಆಮೇಲೆ ಫೋನೂ ಎತ್ತಲಿಲ್ಲ.
ಆರು ವರ್ಷ ಕೋರ್ಟಿನ ಬೇವಿನ ಮರದ ಕೆಳಗೆ
ಬುತ್ತಿ ಬಿಚ್ಚಿ ಉಂಡಿದ್ದೇವೆ.
ಮಷೀನು ತುಳಿಯುವ ಎಡಗಾಲು ಅವನದು,
ಮೊಣಕಾಲಿನ ಕೆಳಗೆ ಈಗ ಜೈಪುರದ್ದು.

ನಾವೇ ಅಲ್ಲವೇ, ಅಂದುಕೊಂಡೆ, ಆ ಕಾಗದದ ಮೂರನೆಯವರು.
ಬಾಯಿಬಿಟ್ಟು ಹೇಳಲಿಲ್ಲ. ಗಾದಿಲಿಂಗ ಹುಡುಗ, ಗೊತ್ತಿಲ್ಲ ಅವನಿಗೆ.
ಹೇಳಿದರೆ ಮರುಗಿ, ಕಮಿಷನ್ನು ಬಿಡುತ್ತೇನೆ ಅನ್ನುತ್ತಾನೆ.

ಸಣ್ಣಕ್ಷರ ಓದಿದೆ, ಹೊಲಿಗೆ ನೋಡಿದ ಹಾಗೆ.
ನೇರ ಓಡುವ ಕಡೆ ಯಾರದೂ ಬಿಚ್ಚುವುದಿಲ್ಲ,
ಮೂಲೆ ತಿರುಗುವಲ್ಲೇ ಬೆರಳಿಟ್ಟು ಎಳೆದು ನೋಡಬೇಕು:
ಯಾವಾಗ ಕೊಡುವುದಿಲ್ಲ, ಯಾರು ಓಡಿಸಿದರೆ ಕೊಡುವುದಿಲ್ಲ.
ಲೈಸನ್ಸಿಲ್ಲದ ನನ್ನ ಮೈದುನನ ಮುಖ ಕಣ್ಣೆದುರು ಬಂತು.
ಕೀ ಇನ್ನು ನನ್ನ ಸೆರಗಿನಲ್ಲೇ.

"ಫುಲ್ಲೇ ಹಾಕು," ಅಂದೆ. "ಜೀರೋ ಡೆಪ್ ಬಿಡು.
ಬಂಪರ್ ಒಡೆದರೆ ಒಡೆದದ್ದೇ ಇರಲಿ,
ಹರಿದದ್ದನ್ನೇ ಜನ ದುಡ್ಡು ಕೊಟ್ಟು ತಗೋತಾರೆ ಈ ಊರಲ್ಲಿ."
ಗಾದಿಲಿಂಗ ನಕ್ಕ. ಎರ್ರಿಸ್ವಾಮಿ ನಗಲಿಲ್ಲ, ಕೇಳಿದ:
"ಮುಗಿಯೋ ತಾರೀಖು ಯಾವುದು?"
"ಆಗಸ್ಟ್ ಹದಿನಾರು, ಅಣ್ಣ, ಮಧ್ಯರಾತ್ರಿ. ನಾನೇ ಮೆಸೇಜ್ ಹಾಕ್ತೀನಿ."
"ನಿನ್ನ ಫೋನ್ ಕಳೀಬೌದು."

ಟೇಬಲ್ಲಿನ ಅಂಚಿಗೆ ಬಳಪದಲ್ಲಿ ಬರೆದ, ೧೬-೮.
ಸಂಜೆಯ ಹೊತ್ತಿಗೆ ಬಟ್ಟೆ ಉಜ್ಜಿ ಅಳಿಸಿತ್ತು.
ಮತ್ತೆ ಬರೆದ. ಅದೂ ಹೋಯಿತು.

ಕರೆಂಟು ಬಂದದ್ದು ಏಳೂವರೆಗೆ.
ಉಳಿಕೆ ಡೆನಿಮ್ಮಿನಲ್ಲಿ ಕಾರಿಗೆ ಸೀಟು ಕವರು ಹೊಲಿಯುತ್ತಿದ್ದೆ,
ಡ್ರೈವರನ ಸೀಟಿನ ಬೆನ್ನಿಗೆ, ಹಿಂದೆ ಕೂರುವವರ ಕಣ್ಣಿಗೆ ಬೀಳುವಲ್ಲಿ,
ಹಳದಿ ದಾರ, ಡಬಲ್ ಹೊಲಿಗೆ,
ಒಂದು, ಆರು, ಅಡ್ಡಗೆರೆ.
ಎಂಟರ ಸುತ್ತು ತಿರುಗಿಸುವಾಗ ಸೂಜಿ ಮುರಿಯಿತು.
ಬೇರೆ ಸೂಜಿ ಹಾಕು ಅಂತ
ಅವನು ಡಬ್ಬಿ ತಳ್ಳಿದ.