ಮುಳ್ಳು

ಬೇಸಿಗೆಯಿಡೀ ನಾನು ತೂಗಿದ್ದು ಚಹಾ ಎಲೆ.
ಅರ್ಹಾವಿಯ ಮೇಲಿನ ಏರಿನಲ್ಲಿ, ತಗಡಿನ ಮಾಡಿನ ಕೆಳಗೆ
ಕೊಕ್ಕೆಗೆ ಚೀಲ ಸಿಕ್ಕಿಸಿ, ಮುಳ್ಳು ನಿಲ್ಲುವ ಮೊದಲೇ
"ನೀರಿಗೆ ಮೂರು ಕಿಲೋ ಕಡಿತ" ಎಂದು ಬರೆಯುವ ಕೆಲಸ.
ಪೆಂಬೆ ಅಕ್ಕ ಪ್ರತಿ ಸಲವೂ ಕೇಳುವಳು:
"ಆ ಮೂರು ಕಿಲೋ ನೀರನ್ನೂ ಹೊತ್ತು ತಂದದ್ದು ಈ ಬೆನ್ನೇ ಅಲ್ಲವೇನೋ?"

ಸೆಪ್ಟೆಂಬರಿನಲ್ಲಿ ಗಿಡುಗಗಳು ದಾಟುತ್ತವೆ.
ನೆಲ ಕೊರೆಯುವ ಚಿಮ್ಮಂಡೆಯ ಆಸೆಗೆ ಕಳಿಂಗ ಸಿಕ್ಕಿತು.
ಕೋಲಿನ ತುದಿಯಲ್ಲಿ ಕುಣಿದ ಕಳಿಂಗದ ಆಸೆಗೆ
ಇವಳು, ಕಲ್ಲು ಬಿದ್ದ ಹಾಗೆ, ಬಲೆಗೆ.
ಬಿಡಿಸುವಾಗ ಹೆಬ್ಬೆರಳಿನ ಬುಡಕ್ಕೆ ನಾಲ್ಕು ಉಗುರು ಇಳಿಸಿ
ಹಳದಿ ಕಣ್ಣು ಮಿಟುಕಿಸದೆ ನೋಡಿದಳು,
ಸಾಲದ ಚೀಟಿ ಓದುವವರ ಹಾಗೆ.
ಕಳಿಂಗವನ್ನು ಅಂದೇ ಬಿಟ್ಟೆ. ಅದು ಬೇಲಿಯ ಮೇಲೆ ಕೂತು
ಬಹಳ ಹೊತ್ತು ಪುಕ್ಕ ಕೊಡವಿತು. ಬೈದಿರಬೇಕು.

ಮೊದಲ ರಾತ್ರಿ ಕೈಯಿಂದ ನೆಗೆದು
ಕಾಲಿನ ತೊಗಲುಬಾರಿನಲ್ಲಿ ತಲೆಕೆಳಗಾಗಿ ತೂಗಿದಳು.
ಎತ್ತಿ ಕೂರಿಸಿದೆ. ನೆಗೆದಳು. ಎತ್ತಿದೆ.
ಎಣಿಕೆ ತಪ್ಪುವಷ್ಟು ಸಲ.
ಎರಡನೆಯ ದಿನ ಕಾಫಿ ಅಂಗಡಿಗೆ ಒಯ್ದೆ.
ಬಿಲ್ಲೆಯಾಟದ ಸದ್ದು, ಫುಟ್‌ಬಾಲಿನ ಕೂಗು, ಬೀಡಿಹೊಗೆ,
ಮನುಷ್ಯರೆಂದರೆ ಇಷ್ಟೇ ಎಂದು ಗೊತ್ತಾಗಲಿ ಅಂತ.
ಮಾಂಸ ಮುಟ್ಟಲಿಲ್ಲ. ಮೂರನೆಯ ದಿನವೂ ಇಲ್ಲ.
ಯಾರೋ ಅಂದರು, ಹಸಿಯಲಿ ಬಿಡು, ಹಸಿವೇ ಮೇಷ್ಟ್ರು.
ಬಿಟ್ಟೆ.

ನಾಲ್ಕನೆಯ ರಾತ್ರಿ, ನನಗೆ ತೂಕಡಿಕೆ ಹತ್ತಿದ ಹೊತ್ತು,
ಅವಳು ಕತ್ತು ಬಗ್ಗಿಸಿದಳು.
ಅಷ್ಟೇ. ನನ್ನಿಂದ ಕಣ್ಣು ತೆಗೆದು ಮಾಂಸದ ಕಡೆಗೆ.
ಬೆನ್ನ ಹಿಂದಿನ ಜಗತ್ತನ್ನು ಒಂದು ಗಳಿಗೆ ನನಗೆ ಬಿಟ್ಟುಕೊಟ್ಟು.
ಬೆಳಿಗ್ಗೆ ಬೀಗುತ್ತ ಯಾಕುಪ್ ಮಾವನಿಗೆ ತೋರಿಸಿದರೆ
ಮುದುಕ ಎದೆಯ ಪುಕ್ಕದೊಳಗೆ ಹೆಬ್ಬೆರಳು ಇಟ್ಟು
ಕೆಂಡ ಮುಟ್ಟಿದವನಂತೆ ತೆಗೆದ.
"ಕತ್ತಿಯಾಗಿದೆಯಲ್ಲೋ ಎಲುಬು!
ಇದು ನಿನ್ನನ್ನು ನಂಬಿದ್ದಲ್ಲ. ಸಾಯುವ ಮುಂಚೆ ತಲೆ ಬಾಗಿದ್ದು."

ಓಡಿ ಬಂದು ಕಟ್ಟೆಯ ತಕ್ಕಡಿಯ ಕೊಕ್ಕೆಗೆ
ಬಟ್ಟೆಯಲ್ಲಿ ಸುತ್ತಿ ಅವಳನ್ನು ತೂಗಹಾಕಿದೆ.
ಮುಳ್ಳು ಅಲುಗಲಿಲ್ಲ.
ಹನ್ನೊಂದು ವರ್ಷ ಊರಿನ ಬೆನ್ನುಗಳನ್ನೆಲ್ಲ ತೂಗಿದ ಯಂತ್ರಕ್ಕೆ
ಒಂದು ಜೀವ ಇರುವುದೇ ಗೊತ್ತಾಗಲಿಲ್ಲ.

ಸಾಲಿನಲ್ಲಿದ್ದ ಪೆಂಬೆ ಚೀಲ ಇಳಿಸಿ ಮನೆಗೆ ಹೋದಳು.
ಹಿಟ್ಟು ಮೆತ್ತಿದ ಅಡುಗೆಮನೆ ತಕ್ಕಡಿ ಕಂಕುಳಲ್ಲಿಟ್ಟು ತಂದಳು.
ಕನ್ನಡಕ ಏರಿಸಿ, ಸೂಜಿಗೆ ದಾರ ಪೋಣಿಸುವ ಮುಖ ಮಾಡಿ ಓದಿದಳು:
"ನೂರ ತೊಂಬತ್ತೆಂಟು ಗ್ರಾಂ."
ಮತ್ತೆ, ನನ್ನ ಕಡೆ ತಿರುಗದೆಯೇ,
"ನೀರಿಗೆ ಎಷ್ಟು ಕಡಿತ ಹಾಕಲಿ?"
ನಾನು ನಗಲಿಲ್ಲ. ಅವಳೂ ನಗಲಿಲ್ಲ.

ಆಮೇಲೆ ದಿನಕ್ಕೆ ಮೂರು ಸಲ, ಬೆರಳುದ್ದದ ಬಿಸಿ ಮಾಂಸ,
ಗುಬ್ಬಿಯ ಎದೆ, ಕೋಳಿಮರಿಯ ಕಾಲು.
ಎದ್ದ ಕೂಡಲೇ ಹೆಬ್ಬೆರಳು ಎದೆಗೆ:
ಕತ್ತಿ ಮೊಂಡಾಯಿತು, ಏಣಾಯಿತು, ದಿಬ್ಬವಾಯಿತು.
ಅವಳ ಎಲುಬು ನೋಡಿ ನೋಡಿ
ಯಾರ ಕೈ ಹಿಡಿದರೂ ಎಲುಬು ಹುಡುಕುವ ಚಟ ಹತ್ತಿತು ನನಗೆ.
ದಾರ ಕಟ್ಟಿ ಒಂದು ಮಾರು ದೂರದಿಂದ ಕರೆದೆ, ಬಂದಳು.
ಹತ್ತು ಮಾರು, ಬಂದಳು, ಗೆಜ್ಜೆ ಕಿಣಿಗುಟ್ಟಿಸುತ್ತ.

ಇವತ್ತು ದಾರ ಬಿಚ್ಚಿದ್ದೇನೆ.
ಕೆಳಗೆ ಕಡಲ ಅಂಚಿನಲ್ಲಿ, ಆಚೆ ದಡದಿಂದ ರಾತ್ರಿಯೆಲ್ಲ ಹಾರಿ
ಸುಸ್ತಾದ ಲಾವಕ್ಕಿಗಳು ಹುಲ್ಲಿಗೆ ಉದುರುತ್ತಿವೆ.
ಸಿಳ್ಳೆ ಹಾಕಿದೆ.
ಬೇಲಿಯಿಂದ ಎದ್ದಳು, ನೇರ ನನ್ನ ಮುಷ್ಟಿಯ ಕಡೆಗೆ,
ಹತ್ತಿರ, ಇನ್ನೂ ಹತ್ತಿರ, ಗಾಳಿ ಕೆನ್ನೆಗೆ ತಾಗುವಷ್ಟು,
ಮತ್ತೆ ಪಕ್ಕಕ್ಕೆ ವಾಲಿ
ತಗಡಿನ ಮಾಡಿನ ಕೆಳಗೆ ತಕ್ಕಡಿಯ ಕೊಕ್ಕೆಯ ಮೇಲೆ ಕೂತಳು.

ಚೀಲ ಹೊತ್ತ ಸಾಲು ಉಸಿರು ಹಿಡಿದು ನಿಂತಿದೆ.
ಪೆಂಬೆ ಬಾಯಿಗೆ ಸೆರಗಿನ ವಸ್ತ್ರ ಒತ್ತಿದ್ದಾಳೆ.
ಮುಳ್ಳು ಸೊನ್ನೆಯಲ್ಲಿ.
ಚಾಚಿದ ಕೈಯಲ್ಲಿ ಮಾಂಸ ಹಿಡಿದು ನಾನು ಕೆಳಗೆ,
ಅವಳು ಮೇಲಿನಿಂದ ನನ್ನನ್ನು
ತೂಗುತ್ತಿದ್ದಾಳೆ.