ಐದನೇ ನಂಬರಿನ ಬಸ್ಸು

ತಿಂಗಳಿಗೆ ಎರಡು ಬುಧವಾರ ನನಗೆ ರಜೆ.
ಹೋಟೆಲಿನ ಬಟ್ಟೆಕೋಣೆ ನನ್ನ ಬಿಟ್ಟುಕೊಡುತ್ತದೆ,
ಬ್ಲೀಚಿನ ವಾಸನೆ ಮಾತ್ರ ಬಿಡುವುದಿಲ್ಲ,
ಬೆರಳ ಸಂದಿಯಲ್ಲಿ ಕೂತು ಜತೆಗೇ ಹೊರಡುತ್ತದೆ
ಟಿಕೆಟ್ಟಿಲ್ಲದೆ.

ಕರವಸ್ತ್ರದ ಗಂಟಿನಲ್ಲಿ ಇಪ್ಪತ್ತು ಡಾಲರು, ನಮ್ಮ ದುಡ್ಡು.
ಹೋಗಲು ಆರು, ಬರಲು ಆರು,
ಮಿಕ್ಕ ಎಂಟಕ್ಕೆ ಒಂದು ಹುರಿದ ಮೀನು.

ಸೇಂಟ್ ಜಾರ್ಜಸ್‌ನ ಹಡಗುಕಟ್ಟೆಯಲ್ಲಿ ಟ್ಯಾಕ್ಸಿಯವರ ಸಾಲು,
ಎದೆಗೆ ಹಲಗೆ: ಜಲಪಾತಕ್ಕೆ ಎಂಬತ್ತು,
ಕೆರೆಗೆ ಅರವತ್ತು, ಅಮೆರಿಕದ ದುಡ್ಡು.
ನನ್ನ ಮುಖ ಕಂಡೊಡನೆ ಹಲಗೆ ಕೆಳಗಿಳಿಯುತ್ತದೆ.
ಒಂದೇ ಬೆಂಚಿನಲ್ಲಿ ಓದಿದ ಥಿಯೋಫಿಲಸ್ ಮಾತ್ರ ಕೂಗುತ್ತಾನೆ:
"ಏನೇ ಇಸ್ಮೆ, ಇವತ್ತು ಯಾವ ದೇಶಕ್ಕೆ ಸವಾರಿ?"

ಹೋದ ಸಲ ಗುಡ್ಡದ ಮೇಲಿನ ಕೆರೆಗೆ ಹೋಗಿದ್ದೆ.
ಮಂಜು. ಕೆರೆ ಕಾಣಲಿಲ್ಲ.
ಕಾಣದ ಕೆರೆಯ ದಂಡೆಯಲ್ಲಿ ಬ್ರೆಡ್ಡು ತಿಂದು ಬಂದೆ,
ಅದಕ್ಕೆ ಯಾರೂ ದುಡ್ಡು ಕೇಳಲಿಲ್ಲ.

ಇವತ್ತು ಐದನೇ ನಂಬರು.
ಹದಿನೈದು ಸೀಟಿನ ವ್ಯಾನು, ಹತ್ತೊಂಬತ್ತು ಜನ,
ಯಾರದೋ ಮಗು ನನ್ನ ತೊಡೆಯ ಮೇಲೆ,
ಯಾರದೋ ಕೋಳಿ ನನ್ನ ಕಾಲ ಕೆಳಗೆ.
ಕಂಡಕ್ಟರ್ ಹುಡುಗ ಕಿಟಕಿಯಾಚೆ ಕತ್ತು ಚಾಚಿ
"ಗ್ವಾವ್ ಗ್ವಾವ್ ಗ್ವಾವ್" ಎಂದು ಊರನ್ನೇ ಬೊಗಳುತ್ತಾನೆ.
ಎಡಕ್ಕೆ ಸಮುದ್ರ, ಬಲಕ್ಕೆ ಗುಡ್ಡ,
ನಡುವೆ ನಾವು, ತಿರುವು ತಿರುವಿಗೂ
ಒಬ್ಬರ ಮೇಲೊಬ್ಬರು ಬಿದ್ದು ಪರಿಚಯವಾಗುತ್ತ.

ಇಳಿಯುವವರು ತಗಡನ್ನು ಬೆರಳಲ್ಲಿ ಬಡಿಯಬೇಕು.
ಜಾಯಿಕಾಯಿ ಕಣಜದ ಮುಂದೆ ನಾನು ಬಡಿದೆ.

ಬಾಗಿಲಲ್ಲಿ ಹುಡುಗಿ, ಪುಟ್ಟ ಮೇಜು:
"ಐದು ಡಾಲರು, ಅಮ್ಮಾ. ಈ ಊರಿನವರಾದರೆ ಕೊಡಬೇಕಿಲ್ಲ."
ಈ ಊರಿನ ಮಣ್ಣಲ್ಲೇ ಮಂಡಿ ಕೆತ್ತಿಸಿಕೊಂಡವಳು ನಾನು,
ಹೇಳಬಹುದಿತ್ತು.
"ಪಟ್ಟಣದವಳು" ಅಂದೆ.
ಎಣಿಸಿ ಕೊಟ್ಟೆ. ಮೀನು ಹೋಯಿತು.
ಒಂದು ಸಲವಾದರೂ, ಕೈ ಕಟ್ಟಿಕೊಂಡು,
ನೋಡಲು ಬಂದವಳ ಹಾಗೆ ನೋಡಬೇಕಿತ್ತು.

ಇಪ್ಪತ್ತು ದಾಟದ ಹುಡುಗ ನನಗೆ ವಿವರಿಸಿದ:
ಇದು ಜಾಯಿಕಾಯಿ, ಮೇಲಿನ ಕೆಂಪು ಬಲೆ ಜಾಪತ್ರೆ.
ನೀರಿಗೆ ಹಾಕಿದರೆ ಗಟ್ಟಿ ಮುಳುಗುತ್ತದೆ,
ಜೊಳ್ಳು ತೇಲುತ್ತದೆ.
"ಹೌದೇ?" ಅಂದೆ.
"ಮುಂಚೆ ಇಲ್ಲಿ ಸಾಲು ಸಾಲು ಹೆಂಗಸರು ಕೂರುತ್ತಿದ್ದರು,
ಬಿರುಗಾಳಿ ಮರಗಳನ್ನೆಲ್ಲ ಮಲಗಿಸುವ ತನಕ."
"ಹೌದೇ?" ಅಂದೆ.

ಕಿಟಕಿಯ ಪಕ್ಕದ ಮೂರನೇ ಮಣೆ.
ಅವ್ವ ಅಲ್ಲಿ ಕೂತು ಕಾಯಿ ಆರಿಸುತ್ತಿದ್ದಳು.
ಗೋಣಿಯ ಮೇಲಿನ ಕಪ್ಪು ಮಸಿಯಿಂದ ಅಕ್ಷರ ಕಲಿತಳು:
ರಾಟರ್‌ಡ್ಯಾಮ್ ಎಂದರೆ ಎರಡು ಆರ್,
ಹ್ಯಾಂಬರ್ಗ್ ಎಂದರೆ ಒಂದು.
ಅವಳು ಮುಟ್ಟಿದ ಕಾಯಿಗಳು ಸಮುದ್ರ ದಾಟಿದವು,
ಅವಳು ಪಟ್ಟಣಕ್ಕೆ ಹೋದದ್ದು ಎರಡು ಸಲ,
ಎರಡೂ ಸಲ ಹಲ್ಲು ಕೀಳಿಸಲು.
ರಾತ್ರಿ ಬಂದರೆ ಮೈಯೆಲ್ಲ ಜಾಯಿಕಾಯಿ ಘಮ.
ಶಾಲೆಯಲ್ಲಿ ಹುಡುಗಿಯರು ಮೂಗು ಹಿಡಿದರೆಂದು
ಅವಳ ತೊಡೆಯಿಂದ ನಾನು ಎದ್ದುಹೋಗುತ್ತಿದ್ದೆ.

ಹುಡುಗ ಒಂದು ಕಾಯಿ ಕೈಗಿಟ್ಟ, "ನೆನಪಿಗೆ."
ಮಾತಾಡದೆ ಮೂಸಿದೆ.
ಹೊರಗೆ ನಲ್ಲಿಯ ಕೆಳಗೆ ಕಪ್ಪು ತುಂಬಿ ಹಾಕಿ ನೋಡಿದೆ:
ತೇಲಿತು.
ಬಿಟ್ಟಿ ಕೊಡುವುದು ಅದನ್ನೇ, ಗೊತ್ತಿತ್ತು.
ಅವ್ವನೂ ಸೆರಗಿಗೆ ಕಟ್ಟಿ ತರುತ್ತಿದ್ದುದು
ತೇಲಿದವನ್ನೇ.

ಮಿಕ್ಕ ಮೂರು ಡಾಲರಿಗೆ ಒಂದು ಬನ್ನು, ಕೋಕೋ ಚಹಾ.
ವಾಪಸು ಬಸ್ಸಿನಲ್ಲಿ ಒಂದು ಕೈಗೆ ಒಂದು ವಾಸನೆ;
ಯಾವುದನ್ನು ಮೂಗಿಗೆ ಹಿಡಿದಿದ್ದೆನೋ,
ನನ್ನ ತಿರುವು ಬಂತು, ಹೋಯಿತು,
ತಗಡು ಬಡಿಯಲು ಮರೆತೆ.

ಕೊನೆಯ ಸ್ಟಾಪು. ಸಂತೆ ಮುಚ್ಚುತ್ತಿತ್ತು.
ಥಿಯೋಫಿಲಸ್ ಹಲಗೆಯನ್ನು ಡಿಕ್ಕಿಯೊಳಗೆ ತುರುಕುತ್ತಿದ್ದ:
"ಬಾ, ಮನೆಗೆ ಬಿಡುತ್ತೇನೆ, ದುಡ್ಡು ಬೇಡ."
ಬೇಡ ಅಂದೆ.
ಆರು ಡಾಲರಿಗೆ ಅರ್ಧ ಮೈಲಿ ಹೆಚ್ಚು ಸಿಕ್ಕಿದೆ ಇವತ್ತು,
ನಡೆದೇ ಹತ್ತುತ್ತೇನೆ.